ಕ್ರಿಸ್‌ಮಸ್ ಮರ ಅಗ್ಗಕ್ಕೆ ಸಿಗುವುದು ಎಲ್ಲಿ, ಯಾವಾಗ, ಏಕೆ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುತ್ತಿದ್ದಂತೆ ಅಮೆರಿಕದ ಊರೂರುಗಳಲ್ಲಿ ದೊಡ್ಡ ಅಂಗಡಿಗಳ ಮುಂದೆ, ಚರ್ಚುಗಳ ಅಂಗಳದಲ್ಲಿ, ಹೆದ್ದಾರಿ ಬದಿಯ ಖಾಲಿ ನಿವೇಶನಗಳಲ್ಲಿ ಬಲೆ ಹಾಕಿ ಬಿಗಿದ ಮರಗಳು ಸಾಲಾಗಿ ಒರಗಿ ನಿಲ್ಲುತ್ತವೆ. ಒಂದೇ ಎತ್ತರದ, ಕಣ್ಣಿಗೆ ಒಂದೇ ಹಸಿರಾಗಿ ಕಾಣುವ ಎರಡು ಮರಗಳ ಪೈಕಿ ಒಂದಕ್ಕೆ 45 ಡಾಲರ್ ಎಂದೂ ಪಕ್ಕದ್ದಕ್ಕೆ 110 ಡಾಲರ್ ಎಂದೂ ಚೀಟಿ ಕಟ್ಟಿರುವುದನ್ನು ಕಂಡು, ಮಕ್ಕಳ ಹಟಕ್ಕೆ ಮಣಿದು ಮೊದಲ ಸಲ ಮರ ಕೊಳ್ಳಲು ಬಂದ ಕನ್ನಡದ ಕುಟುಂಬವೊಂದು ತಬ್ಬಿಬ್ಬಾಗುವುದು ಸಹಜ. ಮೂರು ವಾರ ಮನೆಯಲ್ಲಿದ್ದು ನಾಲ್ಕನೆಯ ವಾರ ಬೀದಿಗೆ ಹೋಗುವ ವಸ್ತುವಿಗೆ ಇಷ್ಟು ಹಣವೇ ಎಂಬ ಪ್ರಶ್ನೆ ಒಂದು ಕಡೆ. ಇವೆರಡರ ನಡುವೆ ಇರುವ ವ್ಯತ್ಯಾಸವಾದರೂ ಏನು ಎಂಬ ಪ್ರಶ್ನೆ ಇನ್ನೊಂದು ಕಡೆ. ಬೆಲೆಯೊಳಗೆ ಯಾವ ಯಾವ ಪಾಲು ಸೇರಿದೆ ಎಂದು ತಿಳಿದವರಿಗೆ, ತಮಗೆ ಬೇಡದ ಪಾಲನ್ನು ಬಿಟ್ಟು ಕೊಳ್ಳುವ ದಾರಿಯೂ ತಿಳಿಯುತ್ತದೆ.

ಅತಿ ದೊಡ್ಡ ಪಾಲು ವರ್ಷಗಳದ್ದು. ಇಂಥ ಮರಗಳನ್ನು ಬೆಳೆಯುವುದರಲ್ಲಿ ಓರೆಗಾನ್ ರಾಜ್ಯ ಮೊದಲನೆಯದು, ಉತ್ತರ ಕ್ಯಾರೊಲೈನಾ ಎರಡನೆಯದು. ಉತ್ತರ ಕ್ಯಾರೊಲೈನಾದ ಪಶ್ಚಿಮಕ್ಕಿರುವ ಅಪಲಾಚಿಯನ್ ಬೆಟ್ಟಸಾಲಿನಲ್ಲಿ, ಆ್ಯಶ್, ಏವರಿ, ಆಲಿಗೆನಿ, ವಟಾಗ ಮುಂತಾದ ಕೌಂಟಿಗಳ 3,000 ಅಡಿಗೂ ಎತ್ತರದ ಇಳಿಜಾರುಗಳಲ್ಲಿ ಬೆಳೆಯುವ ಮರದ ಹೆಸರು ಫ್ರೇಸರ್ ಫರ್. ಬೀಜ ಮೊಳೆತ ಮೇಲೆ ಅದು ಸಸಿಮಡಿಯಲ್ಲಿ ಮೂರು ವರ್ಷ, ಬೇರೆ ಮಡಿಗೆ ಕಿತ್ತು ನೆಟ್ಟ ಮೇಲೆ ಮತ್ತೆರಡು ವರ್ಷ ಕಳೆಯುತ್ತದೆ; ಐದು ವರ್ಷ ಸಾಕಿದ ಸಸಿ ಹೊಲಕ್ಕೆ ಬಂದಾಗ ಮೊಣಕಾಲೆತ್ತರವೂ ಇರುವುದಿಲ್ಲ. ಅಲ್ಲಿಂದ ಇನ್ನೂ ಏಳೆಂಟು ವರ್ಷ ಕಳೆದ ಮೇಲೆ ಅದು ಮನೆಯೊಳಗೆ ನಿಲ್ಲಿಸುವಂಥ ಆರೇಳು ಅಡಿಯ ಮರವಾಗುತ್ತದೆ. ನಮ್ಮ ಅಡಿಕೆಯೂ ಫಲಕ್ಕೆ ಬರುವ ತನಕ ಐದಾರು ವರ್ಷ ಕಾಯಿಸುತ್ತದೆ ನಿಜ, ಆದರೆ ಬಂದ ಮೇಲೆ ದಶಕಗಳ ಕಾಲ ಗೊನೆ ಕೊಡುತ್ತದೆ. ಈ ಮರ ಹನ್ನೆರಡು ವರ್ಷ ಕಾಯಿಸಿ, ಒಂದೇ ಸಲ ಹಣ ಕೊಟ್ಟು, ಮೋಟು ಉಳಿಸಿ ಹೋಗುತ್ತದೆ.

ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಅಂಗಡಿಯಲ್ಲಿ ಕಾಣುವ ಗೋಪುರದಂಥ, ಎಲ್ಲಿಯೂ ಕಿಂಡಿಯಿಲ್ಲದ ಆಕಾರ ಆ ಮರದ ಹುಟ್ಟುಗುಣವಲ್ಲ. ಕಾಡಿನ ಫ್ರೇಸರ್ ಫರ್ ಕೊಂಬೆಗಳ ನಡುವೆ ಧಾರಾಳವಾಗಿ ಬೆಳಕು ಬಿಡುವ ಮರ. ಹೊಲದಲ್ಲಿ ಮಾತ್ರ ಪ್ರತಿ ಬೇಸಿಗೆಯಲ್ಲಿಯೂ ಆಳುಗಳು ಮೊಣಕಾಲಿಗೆ ರಕ್ಷಾಕವಚ ಕಟ್ಟಿಕೊಂಡು, ಮೊಳದುದ್ದದ ತೆಳುಕತ್ತಿಯನ್ನು ಮೇಲಿಂದ ಕೆಳಕ್ಕೆ ಬೀಸುತ್ತ ಮರದ ಸುತ್ತ ಒಂದು ಪ್ರದಕ್ಷಿಣೆ ಬಂದು, ಚಾಚಿದ ಚಿಗುರುಗಳನ್ನು ಸವರುತ್ತಾರೆ. ಸವರಿದ ಕಡೆ ಹೊಸ ಮೊಗ್ಗುಗಳು ಕಟ್ಟಿ, ಮುಂದಿನ ವಸಂತಕ್ಕೆ ಕೊಂಬೆ ದಟ್ಟವಾಗುತ್ತದೆ. ಐದಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1,700 ಮರ. ಅಷ್ಟೂ ಮರಗಳಿಗೆ ಈ ಪ್ರದಕ್ಷಿಣೆ ವರ್ಷಕ್ಕೊಮ್ಮೆ ಆಗಲೇಬೇಕು. ಈ ಕೆಲಸ ಮಾಡುವವರಲ್ಲಿ ಬಹಳ ಮಂದಿ ತಾತ್ಕಾಲಿಕ ಕೃಷಿ ವೀಸಾದ ಮೇಲೆ ಮೆಕ್ಸಿಕೊದಿಂದ ಬಂದವರು. ಕೊಳ್ಳುವವರು ಕೊಡುವ ಹಣದಲ್ಲಿ ಮರಕ್ಕಿಂತ ಈ ಕತ್ತಿಯ ಬೀಸಿಗೆ ಹೆಚ್ಚು ಸಲ್ಲುತ್ತದೆಯೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟು ತಿಳಿದ ಮೇಲೆ 45 ಡಾಲರ್ ಮರದ ಗುಟ್ಟು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಅದು ಪ್ರಾಯಶಃ ಬೇಗ ಬೆಳೆಯುವ ಜಾತಿಯದು. ಡಗ್ಲಸ್ ಫರ್, ಸ್ಕಾಟ್ಸ್ ಪೈನ್, ವೈಟ್ ಪೈನ್ ಮೊದಲಾದವು ಫ್ರೇಸರ್ ಮತ್ತು ಪಶ್ಚಿಮ ತೀರದ ನೋಬಲ್ ಫರ್‌ಗಿಂತ ಕಡಿಮೆ ವರ್ಷಗಳಲ್ಲಿ ಅದೇ ಎತ್ತರ ಮುಟ್ಟುತ್ತವೆ. ಹೊಲದ ಗುತ್ತಿಗೆ, ಆಳಿನ ಕೂಲಿ, ಔಷಧಿ ಎಲ್ಲವೂ ಅಷ್ಟು ವರ್ಷ ಕಡಿಮೆ. ಹಾಗೆಂದು ದುಬಾರಿ ಜಾತಿಗಳಿಗೆ ಕೊಡುವ ಹಣ ಪೂರ್ತಿ ವ್ಯರ್ಥವೇನಲ್ಲ. ಫ್ರೇಸರ್ ಫರ್‌ನ ಸೂಜಿಯಂಥ ಎಲೆಗಳು ಕಡಿದ ಮೇಲೂ ವಾರಗಟ್ಟಲೆ ಕೊಂಬೆಯನ್ನು ಕಚ್ಚಿಕೊಂಡಿರುತ್ತವೆ, ನೋಬಲ್ ಫರ್‌ನ ಗಟ್ಟಿ ಕೊಂಬೆಗಳು ಭಾರದ ಅಲಂಕಾರಗಳನ್ನು ಬಾಗದೆ ಹೊರುತ್ತವೆ. ವೈಟ್ ಪೈನಿನ ಎಲೆಯೂ ಸುಲಭವಾಗಿ ಉದುರುವುದಿಲ್ಲವಾದರೂ ಕೊಂಬೆ ಮೆತ್ತಗೆ; ಗಾಜಿನ ಗುಂಡು ತೂಗಿಸಿದರೆ ತಲೆ ತಗ್ಗಿಸುತ್ತದೆ. ಕಾಗದದ ನಕ್ಷತ್ರ, ಉಲ್ಲನ್ ಉಂಡೆ, ಮಕ್ಕಳು ಮಾಡಿದ ಹಗುರ ಆಟಿಕೆಗಳನ್ನಷ್ಟೇ ಕಟ್ಟುವ ಮನೆಗೆ ಅದು ಸಾಕು, ಹಣವೂ ಉಳಿಯುತ್ತದೆ.

ಎರಡನೆಯ ಪಾಲು ಎತ್ತರದ್ದು, ಅದು ಕೂಡ ವರ್ಷಗಳ ಲೆಕ್ಕವೇ. ಹೊಲಕ್ಕೆ ಬಂದು ಬೇರು ಹಿಡಿದ ಮರ ವರ್ಷಕ್ಕೆ ಹೆಚ್ಚುಕಡಿಮೆ ಒಂದಡಿ ಏರುತ್ತದೆಯಾದ್ದರಿಂದ, ಕೊಳ್ಳುವವರು ಬಿಟ್ಟುಕೊಡುವ ಒಂದೊಂದು ಅಡಿಯೂ ರೈತನ ಒಂದೊಂದು ವರ್ಷ. ಅಮೆರಿಕದ ಸಾಮಾನ್ಯ ಮನೆಯ ಸೂರು ಎಂಟಡಿ ಎತ್ತರದಲ್ಲಿರುವುದರಿಂದ ಆರರಿಂದ ಏಳಡಿಯ ಮರಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ನಾಲ್ಕೈದು ಅಡಿಯ ಮರವನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು, ಬುಡಕ್ಕೆ ಒಂದು ಬಟ್ಟೆ ಇಳಿಬಿಟ್ಟರೆ ನಕ್ಷತ್ರ ಅದೇ ಎತ್ತರದಲ್ಲಿ ಮಿನುಗುತ್ತದೆ, ಖರ್ಚು ಗಣನೀಯವಾಗಿ ಇಳಿಯುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೂ ಅಲಂಕಾರ ಎಟಕುವುದಿಲ್ಲ. ನವರಾತ್ರಿಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವ ಮನೆಯವರಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಅಂದದ ಪಾಲು. ಅಮೆರಿಕದ ಕೃಷಿ ಇಲಾಖೆ ಕ್ರಿಸ್‌ಮಸ್ ಮರಗಳಿಗೂ ದರ್ಜೆಗಳನ್ನು ನಿಗದಿ ಮಾಡಿದೆ: ಪ್ರೀಮಿಯಂ, ನಂಬರ್ ಒಂದು, ನಂಬರ್ ಎರಡು, ಅದಕ್ಕೂ ಕೆಳಗಿನ ಕಳಪೆ. ಕಾಂಡ ನೆಟ್ಟಗಿದೆಯೇ, ಕೊಂಬೆಗಳು ದಟ್ಟವಾಗಿವೆಯೇ, ತುದಿಯ ಕಡೆ ಕ್ರಮವಾಗಿ ಕಿರಿದಾಗುತ್ತ ಹೋಗಿದೆಯೇ, ನಾಲ್ಕು ಮುಖಗಳ ಪೈಕಿ ಎಷ್ಟು ಮುಖ ದೋಷವಿಲ್ಲದ್ದು ಎಂಬುದನ್ನು ನೋಡಿ ದರ್ಜೆ ಕಟ್ಟುತ್ತಾರೆ. ಈಗ ನಮ್ಮ ಮನೆಯ ಲೆಕ್ಕ ನೋಡೋಣ. ಮರವನ್ನು ಹಜಾರದ ಮೂಲೆಯಲ್ಲಿ ಇಡುವುದಾದರೆ ಎರಡು ಮುಖಗಳು ಗೋಡೆಗೆ ಅರ್ಪಿತ. ಒಂದು ಮಗ್ಗುಲು ಬೋಳಾದ ಮರ ಅಂಗಡಿಯವರಿಗೆ ತಲೆನೋವು, ಮೂಲೆಯಲ್ಲಿ ಮರ ಇಡುವವರಿಗೆ ಲಾಭ. ಬಲೆ ಬಿಚ್ಚಿಸಿ, ತಿರುಗಿಸಿ ನೋಡಿ, ಬೋಳು ಕಂಡರೆ ಅದನ್ನೇ ತೋರಿಸಿ ಬೆಲೆ ಇಳಿಸಲು ಕೇಳಬಹುದು. ಖಾಲಿ ನಿವೇಶನದ ವ್ಯಾಪಾರಿಗಳ ಬಳಿ ಚೌಕಾಸಿ ನಡೆಯುತ್ತದೆ. ಬಾರ್‌ಕೋಡ್ ಅಂಟಿಸಿದ ಅಂಗಡಿಗಳಲ್ಲಿ ನಡೆಯುವುದಿಲ್ಲ.

ಕೊಳ್ಳುವವರ ಕೈಯಲ್ಲಿಲ್ಲದ ಸಂಗತಿಯೂ ಒಂದಿದೆ, ಅದು ಹಳೆಯ ವರ್ಷಗಳ ನೆರಳು. 2000ದ ದಶಕದ ಮೊದಲ ವರ್ಷಗಳಲ್ಲಿ ಮರಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ಬೆಲೆ ಬಿದ್ದಿತ್ತು. 2008ರ ಆರ್ಥಿಕ ಕುಸಿತ ಅದರ ಮೇಲೆ ಬರೆ ಎಳೆಯಿತು. ಕೈಸುಟ್ಟುಕೊಂಡ ರೈತರು ಸಸಿ ನೆಡುವುದನ್ನು ಕಡಿಮೆ ಮಾಡಿದರು, ಕೆಲವರು ಹೊಲವನ್ನೇ ಬಿಟ್ಟರು. ಅಂದು ನೆಡದ ಸಸಿ ಇಂದು ಇಲ್ಲದ ಮರವಾದ್ದರಿಂದ, ಆ ಕೊರತೆ ಸುಮಾರು ಎಂಟು ವರ್ಷ ತಡವಾಗಿ, 2016–17ರ ಹೊತ್ತಿಗೆ ಮಾರುಕಟ್ಟೆಯಲ್ಲಿ ಕಾಣಿಸಿ ಬೆಲೆ ಏರಿತು. 2021ರ ಜೂನ್ ಕೊನೆಯಲ್ಲಿ ಓರೆಗಾನ್ ಮೇಲೆ ಕವಿದ ಬಿಸಿಗಾಳಿಯಲ್ಲಿ ಪೋರ್ಟ್‌ಲೆಂಡ್ ನಗರದ ತಾಪಮಾನ 46 ಡಿಗ್ರಿ ಸೆಲ್ಸಿಯಸ್ ದಾಟಿ, ಹೊಸದಾಗಿ ನೆಟ್ಟ ಸಸಿಗಳು ಹೊಲದಲ್ಲೇ ಒಣಗಿದವು. ಅವು ಬದುಕಿದ್ದರೆ ಈ ದಶಕದ ಕೊನೆಗೆ ಅಂಗಡಿಗೆ ಬರಬೇಕಾಗಿದ್ದ ಮರಗಳು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಉತ್ತರ ಕ್ಯಾರೊಲೈನಾದ ಬೆಟ್ಟಗಳಿಗೆ ಅಪ್ಪಳಿಸಿದಾಗ ಕೆಲವು ತೋಟಗಳ ಇಳಿಜಾರು ಕುಸಿಯಿತು, ಮರ ಸಾಗಿಸುವ ರಸ್ತೆಗಳು ಕೊಚ್ಚಿಹೋದವು. ಆದ್ದರಿಂದ ಈ ವರ್ಷ ಬೆಲೆ ಏಕೆ ಹೆಚ್ಚಿತು ಎಂಬುದಕ್ಕೆ ಕಾರಣವನ್ನು ಈ ವರ್ಷದಲ್ಲೇ ಹುಡುಕಿದರೆ ಸಿಗದೇ ಹೋಗಬಹುದು.

ಉಳಿದ ಪಾಲುಗಳೆಂದರೆ ದಾರಿ ಮತ್ತು ಜಾಗ. ಮರ ತೂಕಕ್ಕಿಂತ ಹೆಚ್ಚಾಗಿ ಜಾಗ ತಿನ್ನುವ ಸರಕು. ಬಲೆ ಹಾಕಿ ಬಿಗಿಯುವುದೇ ಲಾರಿಯಲ್ಲಿ ಇನ್ನಷ್ಟು ಹಿಡಿಸಲಿ ಎಂದು. ಓರೆಗಾನ್‌ನ ದೊಡ್ಡ ತೋಟಗಳಲ್ಲಿ ಕಡಿದ ಮರಗಳ ಕಟ್ಟುಗಳನ್ನು ಕೆಸರಿನ ಹೊಲದಿಂದ ಲಾರಿಯ ಬಳಿಗೆ ಹೆಲಿಕಾಪ್ಟರಿನಲ್ಲಿ ತೂಗಿಸಿಕೊಂಡು ಸಾಗಿಸುತ್ತಾರೆ ಎಂದರೆ ಆ ಕೆಲವು ವಾರಗಳ ಧಾವಂತ ಎಂಥದ್ದೆಂದು ಊಹಿಸಬಹುದು. ತೋಟದಿಂದ ದೂರವಾದಷ್ಟೂ, ನಿಲ್ಲಿಸುವ ನೆಲದ ಬಾಡಿಗೆ ಹೆಚ್ಚಿದಷ್ಟೂ ಬೆಲೆ ಏರುತ್ತದೆ. ನ್ಯೂಯಾರ್ಕ್ ನಗರ ಇದಕ್ಕೆ ಹಳೆಯ ಉದಾಹರಣೆ: 1851ರಲ್ಲಿ ಮಾರ್ಕ್ ಕಾರ್ ಎಂಬ ಮರ ಕಡಿಯುವವನು ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ಎತ್ತಿನ ಜಾರುಬಂಡಿಗಳಲ್ಲಿ ಮರ ತುಂಬಿ ತಂದು, ಒಂದು ಡಾಲರಿಗೆ ಬೀದಿಬದಿಯ ಜಾಗ ಹಿಡಿದು ಮಾರಿದ್ದು ಅಮೆರಿಕದ ಈ ವ್ಯಾಪಾರದ ಆರಂಭವೆಂದು ಹೇಳುತ್ತಾರೆ. ಪಕ್ಕದ ಕಟ್ಟಡದವರು ಒಪ್ಪಿದರೆ ಡಿಸೆಂಬರ್‌ನಲ್ಲಿ ಪರವಾನಗಿ ಇಲ್ಲದೆಯೂ ಕಾಲುದಾರಿಯ ಮೇಲೆ ಈ ಮರಗಳನ್ನು ಮಾರಬಹುದು ಎಂಬ ವಿನಾಯಿತಿ ಆ ನಗರದಲ್ಲಿ 1938ರಿಂದಲೂ ಇದೆ. ಆದರೂ ಮ್ಯಾನ್‌ಹ್ಯಾಟನ್ ಕಾಲುದಾರಿಯ ಮರ ದೇಶದ ಅತಿ ದುಬಾರಿ ಮರಗಳಲ್ಲೊಂದು. ಕಾರು ಇರುವವರು ನದಿ ದಾಟಿ ನ್ಯೂಜೆರ್ಸಿಯ ಒಳನಾಡಿಗೋ ಪೆನ್ಸಿಲ್ವೇನಿಯಕ್ಕೋ ಹೋದರೆ ಪೆಟ್ರೋಲ್ ಖರ್ಚು ಕಳೆದೂ ಅಷ್ಟಿಷ್ಟು ಉಳಿಸಬಹುದು, ವಿಶೇಷವಾಗಿ ಎರಡು ಮೂರು ಮನೆಯವರು ಒಂದೇ ವಾಹನದಲ್ಲಿ ಹೋದಾಗ.

ತೋಟಕ್ಕೇ ಹೋಗಿ ತಾವೇ ಆರಿಸಿ ಕಡಿದುಕೊಳ್ಳುವ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಮಧ್ಯವರ್ತಿ ಇಲ್ಲವಾದ್ದರಿಂದ ಅಗ್ಗವೇ ಇರಬೇಕು ಎಂದುಕೊಳ್ಳುತ್ತೇವೆ, ಹಾಗಿರುವ ತೋಟಗಳೂ ಇವೆ. ಆದರೆ ಟ್ರ್ಯಾಕ್ಟರ್ ಸವಾರಿ, ಬಿಸಿ ಚಾಕೊಲೇಟು, ಕುರಿಮರಿಯ ಜೊತೆ ಫೋಟೊ ಎಂದು ಮಾರುವ ತೋಟಗಳಲ್ಲಿ ಮರ ಒಂದು ನೆಪ ಮಾತ್ರ; ಅಲ್ಲಿ ಕೊಡುವುದು ಒಂದು ದಿನದ ಪ್ರವಾಸದ ಬೆಲೆ. ಬರೀ ಮರದ ಬೆಲೆ ನೋಡುವವರಿಗೆ ಊರೂರುಗಳಲ್ಲಿ ಶಾಖೆಗಳಿರುವ ದೊಡ್ಡ ಅಂಗಡಿಗಳೇ ಅಗ್ಗ. ಸಾವಿರಾರು ಮರಗಳನ್ನು ತಿಂಗಳುಗಳ ಮೊದಲೇ ಒಪ್ಪಂದ ಮಾಡಿ ಕೊಳ್ಳುವ ಅವು ಕೆಲವೊಮ್ಮೆ ಮರದ ಮೇಲೆ ಲಾಭವನ್ನೇ ಇಟ್ಟುಕೊಳ್ಳುವುದಿಲ್ಲ. ಮರಕ್ಕೆ ಬಂದವರು ದೀಪದ ಸರವನ್ನೂ ಕೊಂಡೇ ಹೋಗುತ್ತಾರೆಂದು ಅವಕ್ಕೆ ಗೊತ್ತು.

ಎಲ್ಲಕ್ಕಿಂತ ಅಗ್ಗದ ದಾರಿ, ಕನ್ನಡನಾಡಿನಿಂದ ಹೋದವರಿಗೆ ನಂಬಲು ಕಷ್ಟವಾದ ದಾರಿ, ಸರ್ಕಾರದ ಅರಣ್ಯ. ನಮ್ಮಲ್ಲಿ ಮೀಸಲು ಅರಣ್ಯದೊಳಗೆ ಕೊಡಲಿ ಹಿಡಿದು ಹೋದರೆ ಕೇಸು. ಅಲ್ಲಿ ಅರಣ್ಯ ಸೇವೆಯೇ ರಸೀದಿ ಕೊಟ್ಟು ಕಡಿಯಲು ಕಳಿಸುತ್ತದೆ. ಪಶ್ಚಿಮದ ರಾಜ್ಯಗಳ ಅನೇಕ ರಾಷ್ಟ್ರೀಯ ಅರಣ್ಯಗಳಲ್ಲಿ, ದಟ್ಟವಾಗಿ ಎದ್ದ ಎಳೆಯ ಮರಗಳನ್ನು ತೆಳುವಾಗಿಸುವುದು ಕಾಡಿಗೂ ಒಳ್ಳೆಯದೆಂಬ ಕಾರಣಕ್ಕೆ, ಕ್ರಿಸ್‌ಮಸ್ ಮರದ ಪರವಾನಗಿ ಮಾರುತ್ತಾರೆ. ಶುಲ್ಕ ಅರಣ್ಯದಿಂದ ಅರಣ್ಯಕ್ಕೆ ಬೇರೆಯಾದರೂ ಬಹುತೇಕ ಕಡೆ 5ರಿಂದ 20 ಡಾಲರ್ ಒಳಗೇ ಇರುತ್ತದೆ. ಓರೆಗಾನ್‌ನ ಮೌಂಟ್ ಹುಡ್ ಅರಣ್ಯದಲ್ಲಿ 5 ಡಾಲರ್ ಎಂಬುದು ಹಳೆಯ ರೂಢಿ. ಅಂತರಜಾಲದಲ್ಲಿ ಪಡೆದರೆ ಸಣ್ಣದೊಂದು ಸೇವಾಶುಲ್ಕ ಸೇರುತ್ತದೆ. ನಾಲ್ಕನೆಯ ತರಗತಿಯಲ್ಲಿ ಓದುವ ಮಗುವಿದ್ದರೆ, ಆ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುವ ಉಚಿತ ಪಾಸ್ ತೋರಿಸಿ ಪರವಾನಗಿಯ ಮೂಲ ಶುಲ್ಕವನ್ನೂ ಉಳಿಸಬಹುದು. ಯಾವ ವಲಯದಲ್ಲಿ ಕಡಿಯಬೇಕು, ಯಾವ ಜಾತಿ ಮುಟ್ಟಬಾರದು, ಮೋಟು ಎಷ್ಟು ಇಂಚಿಗಿಂತ ಎತ್ತರವಿರಬಾರದು, ರಸ್ತೆಯಿಂದ ಎಷ್ಟು ದೂರ ಹೋಗಬೇಕು ಎಂಬ ನಿಯಮಗಳು ಪರವಾನಗಿಯ ಜೊತೆಗೇ ಬರುತ್ತವೆ, ಅವನ್ನು ಮೀರಿದರೆ ದಂಡವಿದೆ. ದೊಡ್ಡ ಮರದ ತುದಿಯನ್ನಷ್ಟೇ ಕತ್ತರಿಸಿ ತರುವುದು ಅಲ್ಲಿ ಅಪರಾಧ. ಇಲ್ಲಿ ಸಿಗುವುದು ಕತ್ತಿ ಸೋಕದ ಕಾಡುಮರವಾದ್ದರಿಂದ ಅಂಗಡಿಯ ಗೋಪುರದ ಆಕಾರವನ್ನು ನಿರೀಕ್ಷಿಸಬಾರದು. ಗರಗಸ, ಹಗ್ಗ, ಹಿಮದಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ, ಮೂರು ನಾಲ್ಕು ಗಂಟೆಯ ಡ್ರೈವಿಂಗ್, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಐದು ಡಾಲರ್ ಮರ ಐದೇ ಡಾಲರಾಗಿ ಉಳಿಯುವುದಿಲ್ಲ ಎಂಬುದೂ ನಿಜ. ಹತ್ತಿರದಲ್ಲಿ ಅಂಥ ಅರಣ್ಯವಿದ್ದವರಿಗೆ ಮಾತ್ರ ಇದು ಉಳಿತಾಯ.

ಇನ್ನು ದಿನಾಂಕದ ಮಾತು. ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೂದುಗುಂಬಳ, ಬಾಳೆಕಂಬಗಳ ಬೆಲೆ ಕೇಳಿ ಬೆಚ್ಚಿದವರು, ಹಬ್ಬದ ಮರುದಿನ ಅದೇ ಬಾಳೆಕಂಬಗಳು ರಸ್ತೆಬದಿಯಲ್ಲಿ ರಾಶಿಬಿದ್ದು ಹಸುಗಳ ಪಾಲಾಗಿರುವುದನ್ನೂ ನೋಡಿರುತ್ತಾರೆ. ಕ್ರಿಸ್‌ಮಸ್ ಮರದ್ದೂ ಅದೇ ಕತೆ: ಡಿಸೆಂಬರ್ 24ರ ರಾತ್ರಿ ಮಾರಾಟವಾಗದೆ ಉಳಿದ ಮರಕ್ಕೆ ಮರುದಿನ ಬೆಲೆ ಇಲ್ಲದಿರುವುದಷ್ಟೇ ಅಲ್ಲ, ಅದನ್ನು ಸಾಗಹಾಕುವ ಖರ್ಚು ವ್ಯಾಪಾರಿಯ ತಲೆಗೇ ಬರುತ್ತದೆ. ಹೀಗಾಗಿ ಥ್ಯಾಂಕ್ಸ್‌ಗಿವಿಂಗ್ ನಂತರದ ಎರಡು ವಾರಾಂತ್ಯಗಳಲ್ಲಿ ಬೆಲೆ ಬಿಗಿಯಾಗಿದ್ದು, ತಿಂಗಳ ನಡುವಿನಿಂದ ಸಡಿಲವಾಗುತ್ತ ಹೋಗುತ್ತದೆ. ಕೊರತೆಯ ವರ್ಷಗಳಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಕಾದವರಿಗೆ ಬರೀ ಖಾಲಿ ನಿವೇಶನ ಸಿಗುತ್ತದೆ. ಡಿಸೆಂಬರ್ ಎರಡನೆಯ ವಾರದ ನಡುವಿನ ದಿನವೊಂದರ ಸಂಜೆ, ಗಿರಾಕಿಗಳಿಲ್ಲದ ಹೊತ್ತು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉತ್ತಮ. ಆಯ್ಕೆಯೂ ಇರುತ್ತದೆ, ವ್ಯಾಪಾರಿಗೆ ಮಾತಾಡಲು ಪುರಸೊತ್ತೂ ಇರುತ್ತದೆ.

ತಡವಾಗಿ ಕೊಳ್ಳುವಾಗ ಮರ ಎಷ್ಟು ದಿನದ ಹಿಂದೆ ಕಡಿದದ್ದು ಎಂಬುದನ್ನು ನೋಡದಿದ್ದರೆ ಅಗ್ಗಕ್ಕೆ ಮುಗ್ಗಲು ಜೋಳ ಕೊಂಡಂತಾಗುತ್ತದೆ. ನಮ್ಮ ಮೊದಲ ವರ್ಷದ ಮರ ಹಾಗೆಯೇ ಆಯಿತು. ಬಿಸಿಲಿಗೆ ಕಾಯುವ ಡಾಂಬರಿನ ಮೇಲೆ, ನೀರಿಲ್ಲದೆ ವಾರಗಟ್ಟಲೆ ಒರಗಿದ್ದ ಮರವನ್ನು ಅರ್ಧ ಬೆಲೆಗೆ ಸಿಕ್ಕಿತೆಂದು ಕಾರಿನ ನೆತ್ತಿಗೆ ಕಟ್ಟಿ ತಂದೆವು. ನಾಲ್ಕನೆಯ ದಿನ ದೀಪದ ಸರ ಸರಿಪಡಿಸಲು ಕೊಂಬೆ ಎತ್ತಿದಾಗ ನೆಲದ ಮೇಲೆ ಮಳೆ ಸುರಿದಂತೆ ಸದ್ದಾಯಿತು. ಆ ಸೂಜಿಗಳು ಕಾರ್ಪೆಟ್ಟಿನಿಂದ ಯುಗಾದಿಯವರೆಗೂ ಬರುತ್ತಲೇ ಇದ್ದವು. ಪರೀಕ್ಷೆ ಸುಲಭ: ಕೊಂಬೆಯೊಂದನ್ನು ಹಗುರವಾಗಿ ಹಿಡಿದು ಕೈಯನ್ನು ತುದಿಯ ಕಡೆ ಎಳೆದರೆ ಎಲೆಗಳು ಕೈಗೆ ಬರಬಾರದು, ಬುಡವನ್ನು ನೆಲಕ್ಕೆ ಕುಟ್ಟಿದರೆ ಒಳಗಿನ ಒಂದಷ್ಟು ಕಂದು ಎಲೆ ಉದುರುವುದು ಸಹಜ, ಹಸಿರು ಎಲೆ ಉದುರಿದರೆ ಮುಂದಿನ ಮರ ನೋಡಬೇಕು. ಕಡಿದ ಕೆಲವೇ ಗಂಟೆಗಳಲ್ಲಿ ರಾಳವು ಕಾಂಡದ ಬಾಯಿಯನ್ನು ಮುಚ್ಚುವುದರಿಂದ, ಮನೆಗೆ ತಂದ ಕೂಡಲೇ ಬುಡದಿಂದ ಅರ್ಧ ಇಂಚಿನಿಂದ ಒಂದಿಂಚಿನಷ್ಟು ಬಿಲ್ಲೆಯನ್ನು ಕತ್ತರಿಸಿ ತಕ್ಷಣ ನೀರಿಗೆ ಇಡಬೇಕು. ಕಾಂಡದ ವ್ಯಾಸದ ಪ್ರತಿ ಇಂಚಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬೇಕು ಎಂಬ ಲೆಕ್ಕವಿದೆ; ಸಕ್ಕರೆ, ಆಸ್ಪಿರಿನ್ ಮುಂತಾದ ಮನೆಮದ್ದುಗಳಿಂದ ಏನೂ ಆಗುವುದಿಲ್ಲ, ಬರೀ ನಲ್ಲಿ ನೀರು ಸಾಕು. ಒಣಗಿದ ಮರ ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಇದು ಬರೀ ಕಸದ ಪ್ರಶ್ನೆಯೂ ಅಲ್ಲ. ನೀರು ಹಿಡಿಸುವ ಸ್ಟ್ಯಾಂಡ್ ಒಂದನ್ನು ಮೊದಲ ವರ್ಷ ಕೊಳ್ಳಲೇಬೇಕು, ಅದು ಮರದ ಅರ್ಧ ಬೆಲೆಯನ್ನೇ ಕೇಳಬಹುದು. ಬಳಸಿದ ಸ್ಟ್ಯಾಂಡುಗಳು ಹಳೆಯ ವಸ್ತುಗಳ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತವೆ.

ಪ್ಲಾಸ್ಟಿಕ್ ಮರದ ಮಾತು ಇಲ್ಲಿ ಬಂದೇ ಬರುತ್ತದೆ. ಬಹುಪಾಲು ಚೀನಾದಲ್ಲಿ ತಯಾರಾಗಿ ಬರುವ ಇವುಗಳ ಬೆಲೆಗೆ 2025ರಲ್ಲಿ ಏರಿದ ಆಮದು ಸುಂಕವೂ ತಟ್ಟಿತು. 160 ಡಾಲರ್ ಮರವನ್ನು ಎಂಟು ವರ್ಷ ಬಳಸಿದರೆ ವರ್ಷಕ್ಕೆ 20 ಡಾಲರ್, ಎರಡೇ ವರ್ಷಕ್ಕೆ ಎಸೆದರೆ 80 ಡಾಲರ್. ಹಾಗಾಗಿ ಅದನ್ನು ಇಡಲು ಮನೆಯಲ್ಲಿ ಜಾಗವಿಲ್ಲದವರಿಗೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಇದು ಅಗ್ಗವಲ್ಲ. ದೀಪಗಳನ್ನು ಮೊದಲೇ ಹೆಣೆದು ಬರುವ ಮರಗಳಿಗಿಂತ ಬರಿಯ ಮರ ಮೇಲು, ಏಕೆಂದರೆ ಮೊದಲು ಕೆಡುವುದು ದೀಪ, ಅದರ ಜೊತೆ ಗಟ್ಟಿಯಾಗಿರುವ ಮರವೂ ಬೀದಿಗೆ ಹೋಗುತ್ತದೆ. ಕೊಳ್ಳುವ ಕಾಲ ಡಿಸೆಂಬರ್ 26ರ ನಂತರ, ಮುಂದಿನ ವರ್ಷಕ್ಕೆ.

ಬೆಂಗಳೂರು, ಮಂಗಳೂರುಗಳಲ್ಲಿ ಈ ಲೆಕ್ಕವೇ ಬೇರೆ. ಇಲ್ಲಿನ ಬಯಲಿನಲ್ಲಿ ಫರ್ ಬೆಳೆಯುವುದಿಲ್ಲ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರವೆಂದು ಕುಂಡದಲ್ಲಿ ಮಾರುವುದು ಅರೌಕೇರಿಯ, ದಕ್ಷಿಣ ಶಾಂತಸಾಗರದ ನಾರ್ಫೋಕ್ ಮತ್ತು ನ್ಯೂ ಕ್ಯಾಲೆಡೋನಿಯ ದ್ವೀಪಗಳ ಮರ, ಲಾಲ್‌ಬಾಗಿನಲ್ಲಿ ಆಕಾಶಕ್ಕೆ ಚಾಚಿ ನಿಂತಿರುವುದೂ ಅದೇ ಕುಲದ್ದು. ಕರಾವಳಿಯಲ್ಲಿ ಗಾಳಿಮರದ ಕೊಂಬೆ ತಂದು ನಿಲ್ಲಿಸುವ ರೂಢಿಯೂ ಇದೆ, ಗಾಳಿಮರ ಪೈನ್ ಜಾತಿಗೆ ಸೇರಿದ್ದಲ್ಲದಿದ್ದರೂ ಗೋದಲಿಯ ಪಕ್ಕದಲ್ಲಿ ದೀಪ ಹೊತ್ತು ನಿಂತಾಗ ಯಾರೂ ಅದರ ಕುಲ ಕೇಳುವುದಿಲ್ಲ. ಅರೌಕೇರಿಯ ಕೊಳ್ಳುವವರು ಮೊದಲು ನೋಡಬೇಕಾದದ್ದು ನೆತ್ತಿಯ ಚಿಗುರನ್ನು. ಅದು ಮುರಿದಿದ್ದರೆ ಗಿಡ ಮತ್ತೆಂದೂ ಆ ಸಮಪ್ರಮಾಣದ ಗೋಪುರವಾಗಿ ಏಳುವುದಿಲ್ಲ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಚಿಗುರು ಗಟ್ಟಿಯಾಗಿದ್ದರೆ ಸಣ್ಣ ಗಿಡವೇ ಸಾಕು: ಹಬ್ಬದ ಕೆಲವು ದಿನ ಒಳಗಿಟ್ಟು, ಹಗುರವಾದ ನಾಲ್ಕು ದೀಪ ಸುತ್ತಿ, ಮುಗಿದ ಮೇಲೆ ಬೆಳಕು ಬೀಳುವ ಬಾಲ್ಕನಿಗೆ ಹೊರಿಸಿದರೆ ಮುಂದಿನ ಡಿಸೆಂಬರ್‌ಗೆ ಅದು ಇನ್ನೊಂದು ಸುತ್ತು ಕೊಂಬೆ ಬಿಟ್ಟುಕೊಂಡು ಅಲ್ಲೇ ಇರುತ್ತದೆ.